ಕುಣಿಯೋರಿಗೆ ಅಂತ ಹುಟ್ಟಿದ ಬ್ಯಾಂಡು ಕುರ್ಚಿ ಹಾಕಿದ ಹಾಲಿಗೆ ಬಂದಿದ್ದು ಹೇಗೆ

ನ್ಯೂಯಾರ್ಕಿನ ಸ್ಪ್ಯಾನಿಶ್ ಹಾರ್ಲೆಮ್ ಆರ್ಕೆಸ್ಟ್ರಾದಲ್ಲಿ 13 ಜನ ಇದಾರೆ. ಅದರಲ್ಲಿ ಮೂರು ಜನ ಹಾಡೋರು, ಉಳಿದವರು ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್, ಪಿಯಾನೋ, ಬೇಸ್, ಆಮೇಲೆ ಕಾಂಗಾ ಬೊಂಗೋ ಟಿಂಬಾಲೆಸ್ ಬಾರಿಸೋರು. 2000ದಲ್ಲಿ ಶುರುವಾದ ಬ್ಯಾಂಡ್ ಇದು, ಲೀಡರ್ ಪಿಯಾನಿಸ್ಟ್ ಆಸ್ಕರ್ ಹೆರ್ನಾಂಡೆಸ್, ಮೂರು ಗ್ರ್ಯಾಮಿ ಬಂದಿದೆ. ನುಡಿಸೋದು ಕ್ಯೂಬಾದ ಬೇರಿನ ಡ್ಯಾನ್ಸ್ ಮ್ಯೂಸಿಕ್, ಆದ್ರೆ ಲೀಡರ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸಲ್ಲಿ, ಅಪ್ಪ ಅಮ್ಮ ಪೋರ್ಟೊರಿಕೋದವರು, ಮತ್ತೆ ಇವರ ಎಷ್ಟೋ ಶೋ ನಡೆಯೋದು ಜನ ಟಿಕೆಟ್ ತಗೊಂಡು ಕುರ್ಚಿಯಲ್ಲಿ ಕೂತು ಕೇಳೋ ಹಾಲುಗಳಲ್ಲಿ. ಕುಣಿಯೋಕೆ ಅಂತಾನೇ ಮಾಡಿದ ಸಂಗೀತ ಇಲ್ಲಿಗೆ ಬಂದು ನಿಂತಿದ್ದು ಹೇಗೆ ಅಂತ ನೋಡೋಕೆ ಎರಡು ಶತಮಾನಕ್ಕೂ ಹೆಚ್ಚು ಹಿಂದಕ್ಕೆ ಹೋಗ್ಬೇಕು.

ಹೈಟಿಯಲ್ಲಿ 1791ರಲ್ಲಿ ಗುಲಾಮರು ದಂಗೆ ಎದ್ದಾಗ ಅಲ್ಲಿದ್ದ ಫ್ರೆಂಚ್ ತೋಟದ ಮಾಲೀಕರು ಪಕ್ಕದ ಕ್ಯೂಬಾಗೆ ಓಡಿ ಬಂದ್ರು, ಬರೋವಾಗ ತಮ್ಮ ಜೊತೆ ಗುಲಾಮರನ್ನೂ ತಂದ್ರು, ತಮ್ಮ ಜೋಡಿ ನೃತ್ಯಗಳನ್ನೂ ತಂದ್ರು. ಆ ನೃತ್ಯಕ್ಕೆ ಆಫ್ರಿಕಾದ ಲಯ ಸೇರಿ ಸೇರಿ ಕೊನೆಗೆ 1879ರ ಜನವರಿ 1ರಂದು ಮಟಾನ್ಸಾಸ್ ಊರಲ್ಲಿ ಮಿಗೆಲ್ ಫೈಲ್ಡೆ ಅನ್ನೋ ಕಾರ್ನೆಟ್ (ಟ್ರಂಪೆಟ್ ತರದ ವಾದ್ಯ) ವಾದಕ ಮೊದಲ ಡಾನ್ಸೋನ್ ಅಂತ ಈಗ ಎಲ್ಲರೂ ಒಪ್ಪೋ ಸಂಗೀತ ನುಡಿಸಿದ. ಡಾನ್ಸೋನ್‌ನಲ್ಲಿ ಒಂದು ಭಾಗ ಬಂದಾಗ ಜೋಡಿಗಳು ಕುಣಿಯೋದೇ ಇಲ್ಲ, ಸುಮ್ನೆ ನಿಂತ್ಕೊಂಡು ಬೀಸಣಿಗೆಯಲ್ಲಿ ಗಾಳಿ ಹಾಕ್ಕೋತಾ ಮಾತಾಡ್ತಾರೆ, ಆ ಭಾಗ ಮುಗಿದ ಕ್ಷಣಕ್ಕೆ ಸರಿಯಾಗಿ ಮತ್ತೆ ಹೆಜ್ಜೆ ಹಾಕ್ತಾರೆ. ಅಂದ್ರೆ ಸಂಗೀತದ ಆಕಾರಾನೇ ಕುಣಿಯೋರ ಸುಸ್ತು ನೋಡ್ಕೊಂಡು ಆಗಿದ್ದು. ಆಗಿನ ಮರ್ಯಾದಸ್ಥರಿಗೆ ಇದೂ ಸಹಿಸ್ಲಿಲ್ಲ ಬಿಡಿ, ಗಂಡು ಹೆಣ್ಣು ಇಷ್ಟು ಹತ್ರ ನಿಂತು ಕುಣಿಯೋದಾ ಅಂತ ಪೇಪರಲ್ಲೆಲ್ಲ ಬೈದ್ರು.

ಇನ್ನೊಂದು ಕಡೆ ದ್ವೀಪದ ಪೂರ್ವದಲ್ಲಿ ಸೋನ್ ಅನ್ನೋ ಹಳ್ಳಿ ಸಂಗೀತ ಇತ್ತು, ಅದು 20ನೇ ಶತಮಾನದ ಶುರುವಲ್ಲಿ ಹವಾನಾಗೆ ಬಂತು. ಕುರುಡರಾಗಿದ್ದ ತ್ರೆಸ್ (ಗಿಟಾರ್ ತರದ ಕ್ಯೂಬಾ ವಾದ್ಯ) ವಾದಕ ಆರ್ಸೇನಿಯೋ ರೊಡ್ರಿಗೆಸ್ 1940ರ ಸುಮಾರಿಗೆ ಸೋನ್ ಬ್ಯಾಂಡಿಗೆ ಪಿಯಾನೋ, ಹೆಚ್ಚು ಟ್ರಂಪೆಟ್, ಅದಕ್ಕಿಂತ ಮುಖ್ಯವಾಗಿ ಕಾಂಗಾ ಸೇರಿಸಿದ್ರು. ಕಾಂಗಾ ಅಂದ್ರೆ ಬೀದಿ ಡ್ರಮ್ಮು, ಕರಿಯರ ಕೇರಿಯದ್ದು ಅಂತ ದೊಡ್ಡವರು ಮೂಗು ಮುರೀತಿದ್ದ ಕಾಲ ಅದು. 1938ರಲ್ಲಿ ಲೋಪೆಸ್ ಅಣ್ಣ ತಮ್ಮಂದಿರು ಡಾನ್ಸೋನ್‌ನ ಕೊನೆ ಭಾಗ ಸಡಿಲ ಮಾಡಿ ಮಾಂಬೋ ಅನ್ನೋ ಹೊಸ ಡ್ಯಾನ್ಸ್ ಮ್ಯೂಸಿಕ್ಕಿಗೆ ದಾರಿ ಹಾಕಿದ್ರು, ಬ್ಯಾಂಡ್ ಲೀಡರ್ ಪೆರೆಸ್ ಪ್ರಾಡೋ ಅದನ್ನ ಮೆಕ್ಸಿಕೋದಿಂದ ಲೋಕಕ್ಕೆಲ್ಲ ಮಾರಿದ್ರು. ಪ್ರಾಡೋ ಕಥೆ ಎಲ್ಲರೂ ಹೇಳ್ತಾರೆ, ನನಗೆ ಅದಕ್ಕಿಂತ ಮಚೀಟೋ ಬ್ಯಾಂಡಿನ ಕಥೆ ಮುಖ್ಯ ಅನ್ಸುತ್ತೆ, ಯಾಕಂದ್ರೆ ಇವತ್ತಿನ ಲ್ಯಾಟಿನ್ ಬಿಗ್ ಬ್ಯಾಂಡುಗಳೆಲ್ಲ ನಡೀತಿರೋದು ಆ ಬ್ಯಾಂಡ್ ಹಾಕಿದ ದಾರಿಯಲ್ಲೇ.

ಮಚೀಟೋ ಹವಾನಾದಿಂದ 1937ರಲ್ಲಿ ನ್ಯೂಯಾರ್ಕಿಗೆ ಬಂದ ಗಾಯಕ. ಅವರ ಬಾವ ಮಾರಿಯೋ ಬೌಸಾ ಅದಕ್ಕೂ ಮೊದಲೇ ಬಂದು ಚಿಕ್ ವೆಬ್, ಕ್ಯಾಬ್ ಕ್ಯಾಲೊವೇ ಅಂಥವರ ಜಾಝ್ ಬ್ಯಾಂಡಲ್ಲಿ ಟ್ರಂಪೆಟ್ ನುಡಿಸಿ ಪಳಗಿದ್ರು. 1940ರಲ್ಲಿ ಶುರುವಾದ ಬ್ಯಾಂಡಿಗೆ ಇಟ್ಟ ಹೆಸರು 'ಆಫ್ರೋ-ಕ್ಯೂಬನ್ಸ್', ಆಗಿನ ಅಮೆರಿಕದಲ್ಲಿ ಆಫ್ರಿಕಾ ಅನ್ನೋದನ್ನ ಬೋರ್ಡಲ್ಲೇ ಹಾಕ್ಕೊಳ್ಳೋಕೆ ಧೈರ್ಯ ಬೇಕಿತ್ತು. ಬೌಸಾ ಬಂದು ಮ್ಯೂಸಿಕ್ ಡೈರೆಕ್ಟರ್ ಆದ್ರು. 1943ರ ಮೇ ತಿಂಗಳಲ್ಲಿ ಒಂದು ರಾತ್ರಿ ಎರಡು ಹಾಡಿನ ಮಧ್ಯೆ ಪಿಯಾನಿಸ್ಟು ಮತ್ತು ಬೇಸ್ ವಾದಕ ಸುಮ್ನೆ ಟೈಮ್‌ಪಾಸಿಗೆ ಒಂದು ಸಣ್ಣ ತುಣುಕನ್ನೇ ತಿರುಗಿಸಿ ತಿರುಗಿಸಿ ನುಡಿಸ್ತಿದ್ರಂತೆ, ಬೌಸಾ ಅದನ್ನ ಕಿವಿಯಲ್ಲಿಟ್ಕೊಂಡು ಮಾರನೇ ದಿನ ರಿಹರ್ಸಲಲ್ಲಿ ಅದೇ ತುಣುಕು ನುಡಿಸೋಕೆ ಹೇಳಿ ಸ್ಯಾಕ್ಸೋಫೋನಿನವರಿಗೆ ಒಂದು ಸಾಲು, ಟ್ರಂಪೆಟಿನವರಿಗೆ ಇನ್ನೊಂದು ಸಾಲು ಅಂತ ಬಾಯಲ್ಲೇ ಹೇಳಿಕೊಟ್ಟು ಮೇಲೆ ಮೇಲೆ ಕಟ್ಟಿದ್ರು. ಹಾಗೆ ಹುಟ್ಟಿದ್ದು 'ತಾಂಗಾ'. ಆಫ್ರೋ-ಕ್ಯೂಬನ್ ಜಾಝ್ ಅಂದ್ರೆ ಮೊದಲು ಹೇಳೋ ಹೆಸರು ಇದೇ.

ಇಲ್ಲಿ ಕ್ಲಾವೇ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ಎರಡು ಮರದ ಕಡ್ಡಿ ತಟ್ಟಿ ಹಾಕೋ ಐದು ಏಟು, ಒಂದು ಬಾರಲ್ಲಿ, ಅಂದ್ರೆ ನಾಲ್ಕು ಬೀಟಿನ ಒಂದು ಸುತ್ತಲ್ಲಿ, ಮೂರು, ಇನ್ನೊಂದರಲ್ಲಿ ಎರಡು. ನಮ್ಮ ಕಛೇರಿಯಲ್ಲಿ ತಾಳ ಹಾಕೋ ಕೈ ಇದ್ದ ಹಾಗೆ, ಯಾರೂ ತಟ್ಟದೇ ಇದ್ರೂ ಎಲ್ಲರ ತಲೆಯಲ್ಲೂ ಓಡ್ತಿರುತ್ತೆ. ಬೇಸ್ ವಾದಕ ಬಾರಿನ ಮೊದಲ ಬೀಟನ್ನ ಬೇಕಂತಲೇ ಬಿಟ್ಟು ಬಿಡ್ತಾನೆ, ಕಾಂಗಾದ ತೆರೆದ ಏಟು ನಾಲ್ಕನೇ ಬೀಟಿಗೆ ಬೀಳುತ್ತೆ, ಹಾಡು ಬಿಸಿ ಏರಿ ಮಾಂಟುನೋಗೆ, ಅಂದ್ರೆ ಒಂದೇ ತುಣುಕು ಮತ್ತೆ ಮತ್ತೆ ಬರೋ ಭಾಗಕ್ಕೆ, ಬಂದ್ರೆ ಬೊಂಗೋದವನು ಬೊಂಗೋ ಕೆಳಗಿಟ್ಟು ಗಂಟೆ ಎತ್ಕೋತಾನೆ. ತೊಂದ್ರೆ ಏನಂದ್ರೆ ಜಾಝ್ ಕಲಿತವರು ಬರೆದ ಟ್ರಂಪೆಟ್ ಸಾಲು ಕ್ಲಾವೇಯ ತಪ್ಪು ಬದಿಯಲ್ಲಿ ಶುರುವಾದ್ರೆ ಅಷ್ಟೂ ಗಡಿಯಾರ ತಲೆಕೆಳಗೆ, ನೋಟುಗಳೆಲ್ಲ ಸರಿಯಾಗೇ ಇದ್ರೂ ಕುಣಿಯೋರ ಕಾಲು ತೊಡರುತ್ತೆ. ಜಾಝಿನ ಹಾರ್ಮನಿಯನ್ನ ಕ್ಲಾವೇ ಕೆಡಿಸದೆ ಕೂರಿಸಿದ್ದೇ ಬೌಸಾ ಮಾಡಿದ ದೊಡ್ಡ ಕೆಲಸ. 1947ರಲ್ಲಿ ಜಾಝ್ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿಗೆ ಕಾಂಗಾ ವಾದಕ ಚಾನೋ ಪೋಸೋ ಅವರನ್ನ ಪರಿಚಯ ಮಾಡಿಸಿದ್ದೂ ಇವರೇ. ಮಚೀಟೋ ಸೈನ್ಯಕ್ಕೆ ಹೋದಾಗ ಹಾಡೋಕೆ ಬಂದ ಅವರ ಸಾಕುತಂಗಿ ಗ್ರಾಸಿಯೇಲಾ ಹೆಸರನ್ನ ಬಹಳ ಜನ ಮರೀತಾರೆ, ಅದು ಅನ್ಯಾಯ, ಆಕೆ ದಶಕಗಳ ಕಾಲ ಆ ಬ್ಯಾಂಡಿನ ದನಿ ಆಗಿದ್ರು.

ಇಷ್ಟು ದೊಡ್ಡ ಬ್ಯಾಂಡಿಗೆ ಸಂಬಳ ಕೊಟ್ಟಿದ್ದು ಡ್ಯಾನ್ಸ್ ಹಾಲುಗಳು. ಬ್ರಾಡ್‌ವೇ 53ನೇ ಬೀದಿ ಮೂಲೆಯ ಮೊದಲನೇ ಮಹಡಿಯಲ್ಲಿದ್ದ ಪಲ್ಲೇಡಿಯಂ ಬಾಲ್‌ರೂಮು 1940ರ ದಶಕದ ಕೊನೆಯಿಂದ ಮಾಂಬೋದ ಮನೆ ಆಯ್ತು. ಮಚೀಟೋ, ಟಿಟೋ ಪುಯೆಂಟೆ, ಟಿಟೋ ರೊಡ್ರಿಗೆಸ್, ಮೂರು ಬ್ಯಾಂಡು ಪೈಪೋಟಿ ಮೇಲೆ ನುಡಿಸೋದು, ಬೋರ್ಡಲ್ಲಿ ಯಾರ ಹೆಸರು ಮೇಲೆ ಅಂತ ಇಬ್ಬರು ಟಿಟೋಗಳ ಮಧ್ಯೆ ಜಗಳ ಬೇರೆ. ಬುಧವಾರ ಹೋದ್ರೆ ಮೊದಲು ಡ್ಯಾನ್ಸ್ ಪಾಠ, ಆಮೇಲೆ ಸ್ಪರ್ಧೆ. ಪೋರ್ಟೊರಿಕೋದವರು, ಕರಿಯರು, ಯಹೂದಿಗಳು, ಇಟಾಲಿಯನ್ನರು ಒಂದೇ ಫ್ಲೋರಲ್ಲಿ, ಆ ಕಾಲದ ನ್ಯೂಯಾರ್ಕಲ್ಲಿ ಇದು ಸಣ್ಣ ಮಾತಲ್ಲ. ಹತ್ತಿರದಲ್ಲೇ ಇದ್ದ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಜಾಝ್ ಕಲಾವಿದರೂ ಇಲ್ಲಿಗೆ ಬಂದು ಕೇಳ್ತಿದ್ರು. ಪುಯೆಂಟೆ ನೌಕಾಪಡೆಯಿಂದ ಬಂದು ಜೂಲಿಯಾರ್ಡಲ್ಲಿ ಓದಿದವರು, ಟಿಂಬಾಲೆಸ್ಸನ್ನ ಹಿಂದಿನ ಸಾಲಿಂದ ಸ್ಟೇಜಿನ ಮುಂದಕ್ಕೆ ತಂದು ನಿಂತೇ ಬಾರಿಸಿದ್ರು, ಅವರ 1958ರ 'ಡಾನ್ಸ್ ಮೇನಿಯಾ' ಆಲ್ಬಂ ಇವತ್ತಿಗೂ ಹಳೇದು ಅನ್ಸಲ್ಲ.

ಆಮೇಲೆ ಎರಡು ಏಟು ಒಟ್ಟೊಟ್ಟಿಗೆ ಬಿದ್ವು. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿ ಆಯ್ತು, ಅದರ ಹಿಂದೇನೇ ಅಮೆರಿಕದ ನಿರ್ಬಂಧ ಬಂತು, ಹವಾನಾದಿಂದ ಹೊಸ ಹಾಡು, ಹೊಸ ಕಲಾವಿದರು ಬರೋ ದಾರಿ ಮುಚ್ಚಿಹೋಯ್ತು. ಪಲ್ಲೇಡಿಯಮ್ಮಿಗೆ 1961ರಲ್ಲಿ ಮದ್ಯದ ಲೈಸೆನ್ಸ್ ಹೋಯ್ತು, 1966ರಲ್ಲಿ ಬಾಗಿಲೇ ಮುಚ್ತು. ರಾಕ್ ಬೇರೆ ಬಂದಿತ್ತು. ದೊಡ್ಡ ಬ್ಯಾಂಡ್ ಸಾಕೋಕೆ ಆಗದೆ ಎಡ್ಡಿ ಪಾಲ್ಮಿಯೇರಿ ಅಂಥವರು ಟ್ರಂಪೆಟ್ ಸಾಲಿನ ಬದಲು ಎರಡೇ ಟ್ರಾಂಬೋನ್ ಇಟ್ಕೊಂಡು ಸಣ್ಣ ಬ್ಯಾಂಡ್ ಕಟ್ಟಿದ್ರು, 70ರ ದಶಕದಲ್ಲಿ ಫಾನಿಯಾ ರೆಕಾರ್ಡ್ ಕಂಪನಿ ಇಂಥದ್ದನ್ನೆಲ್ಲ ಸಾಲ್ಸಾ ಅಂತ ಲೇಬಲ್ ಹಾಕಿ ಮಾರಿತು. ಪುಯೆಂಟೆಗೆ ಆ ಲೇಬಲ್ ಕೊನೆವರೆಗೂ ಹಿಡಿಸ್ಲಿಲ್ಲ.

ಕ್ಯೂಬಾದಲ್ಲೇ ಉಳಿದವರ ಕಥೆ ಬೇರೆ. ಅಲ್ಲಿ ವಾದಕರು ಸರ್ಕಾರಿ ಸಂಬಳದವರಾದ್ರು, 1968ರಲ್ಲಿ ಎಷ್ಟೋ ಬಾರು ಕ್ಲಬ್ಬು ಮುಚ್ಚಿದ್ರು, ಆದ್ರೂ 1969ರಲ್ಲಿ ಶುರುವಾದ ಲೋಸ್ ವಾನ್ ವಾನ್ ತರದ ಹೊಸ ಬ್ಯಾಂಡು ಜನರನ್ನ ಕುಣಿಸ್ತಾನೇ ಇದ್ವು. ಮರೆಗೆ ಸರಿದವರು ಹಳಬರು. 1996ರಲ್ಲಿ ಹುವಾನ್ ದೆ ಮಾರ್ಕೋಸ್ ಗೊನ್ಸಾಲೆಸ್ ಅನ್ನೋ ಸಂಗೀತಗಾರರು ಆ ಹಳಬರನ್ನೆಲ್ಲ ಹುಡುಕಿ ಕರ್ಕೊಂಡು ಬಂದು 50ರ ದಶಕದ ತರದ ಬಿಗ್ ಬ್ಯಾಂಡ್ ಕಟ್ಟಿದ್ರು, ಹೆಸರು ಆಫ್ರೋ-ಕ್ಯೂಬನ್ ಆಲ್ ಸ್ಟಾರ್ಸ್. ಅದೇ ಸ್ಟುಡಿಯೋದಲ್ಲಿ ಅದರ ಬೆನ್ನಿಗೇ ರೆಕಾರ್ಡ್ ಆಗಿದ್ದು ಬ್ವೇನಾ ವಿಸ್ತಾ ಸೋಶಿಯಲ್ ಕ್ಲಬ್ ಆಲ್ಬಂ, ಲೋಕಕ್ಕೆಲ್ಲ ಗೊತ್ತಾಗಿದ್ದು ಅದೇ. ಪಿಯಾನಿಸ್ಟ್ ರೂಬೆನ್ ಗೊನ್ಸಾಲೆಸ್ ಆಗ 76ರ ಮುದುಕ, ಸಂಧಿವಾತ, ಮನೆಯಲ್ಲಿದ್ದ ಪಿಯಾನೋ ಹುಳ ತಿಂದು ಹೋಗಿತ್ತು, ಹಾಗಿದ್ದವರು ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆಯೋಕೆ ಮುಂಚೆನೇ ಬಂದು ಕಾಯ್ತಿದ್ರಂತೆ.

ನ್ಯೂಯಾರ್ಕಲ್ಲಿ ಈ ಕೆಲಸ ಇನ್ನೊಂದು ರೀತಿ ಮುಂದುವರೀತು. ಮಚೀಟೋ 1984ರಲ್ಲಿ ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ಬಲ್ಲಿ ಕಾರ್ಯಕ್ರಮದ ಹೊತ್ತಿಗೇ ಕುಸಿದು ಬಿದ್ದು, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ್ರು, ಬೌಸಾ 1993ರಲ್ಲಿ, ಪುಯೆಂಟೆ 2000ದಲ್ಲಿ. ಅದೇ 2000ದಲ್ಲಿ ಸ್ಪ್ಯಾನಿಶ್ ಹಾರ್ಲೆಮ್ ಆರ್ಕೆಸ್ಟ್ರಾ ಹುಟ್ಟಿದ್ದು. ಮಚೀಟೋ ಬ್ಯಾಂಡಿಗೆ ಬರೀತಿದ್ದ ಚೀಕೋ ಓ'ಫಾರಿಲ್ ಅವರ ಮಗ ಆರ್ತುರೋ ತನ್ನದೇ ಆರ್ಕೆಸ್ಟ್ರಾ ಕಟ್ಟಿ 2014ರ ಡಿಸೆಂಬರಲ್ಲಿ ಹವಾನಾಗೆ ಹೋಗಿ ರೆಕಾರ್ಡ್ ಮಾಡಿದ್ರು, ಒಬಾಮಾ ಕ್ಯೂಬಾ ಜೊತೆ ಸಂಬಂಧ ಮತ್ತೆ ಶುರು ಮಾಡ್ತೀವಿ ಅಂದಿದ್ದೂ ಸರಿಯಾಗಿ ಅದೇ ವಾರ.

ಈಗಿನ ಲೆಕ್ಕ ಹೀಗಿದೆ. 13 ಜನರ ವಿಮಾನ ಟಿಕೆಟ್ಟು, ಹೋಟೆಲ್ ರೂಮು, ಸಂಭಾವನೆ ಕೊಡೋ ಶಕ್ತಿ ಇರೋದು ಕನ್ಸರ್ಟ್ ಹಾಲು, ಯೂನಿವರ್ಸಿಟಿ, ಜಾಝ್ ಫೆಸ್ಟಿವಲ್‌ಗಳಿಗೆ. ಡ್ಯಾನ್ಸ್ ಕ್ಲಬ್ಬಿಗೆ ಒಬ್ಬ ಡಿಜೆ ಸಾಕು. ಹಾಗಾಗಿ ಬ್ಯಾಂಡು ಒಂದು ಕಡೆ, ಕುಣಿಯೋರು ಇನ್ನೊಂದು ಕಡೆ ಆಗಿದಾರೆ, ಬೆಂಗಳೂರಿನ ಸಾಲ್ಸಾ ಕ್ಲಾಸಲ್ಲಿ 'ಆನ್ ಟೂ' ಅಂತ ಎರಡನೇ ಬೀಟಿಗೆ ಹೆಜ್ಜೆಯ ದಿಕ್ಕು ಬದಲಿಸೋದು ಕಲಿಯೋರಿಗೆ ಆ ನ್ಯೂಯಾರ್ಕ್ ಸ್ಟೈಲಿನ ಬೇರು ಪಲ್ಲೇಡಿಯಂ ಫ್ಲೋರಲ್ಲಿದೆ ಅಂತ ಎಷ್ಟು ಜನಕ್ಕೆ ಯಾರು ಹೇಳಿರ್ತಾರೋ. ಕೂತು ಕೇಳಿದ್ರೆ ಹಾರ್ಮನಿ ಚೆನ್ನಾಗಿ ಕೇಳುತ್ತೆ ನಿಜ, ಆದ್ರೆ ಮಾಂಟುನೋ ಎಷ್ಟು ಹೊತ್ತು ಎಳೀಬೇಕು ಅನ್ನೋದನ್ನ ಆಗ ಲೀಡರು ಫ್ಲೋರ್ ನೋಡಿ ತೀರ್ಮಾನ ಮಾಡ್ತಿದ್ದ, ಈಗ ಕುರ್ಚಿ ಸಾಲು ನೋಡಿ ಏನಂತ ತೀರ್ಮಾನ ಮಾಡ್ತಾನೆ?