ಸುಳಿಯೊಳಗಿನ ಹುಳು, ಗಾಳಿಯೊಳಗಿನ ವಾಸನೆ

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರ ಬಂದಾಗ ಸುಳಿ ಬಿಡಿಸಿ ನೋಡಿ. ಮರದ ಹೊಟ್ಟಿನಂಥ ಹಿಕ್ಕೆ, ಅದರಡಿಯಲ್ಲಿ ಹಣೆಯ ಮೇಲೆ ತಲೆಕೆಳಗಾದ ‘ವೈ’ ಗುರುತಿನ ಹುಳು ಕಂಡರೆ ಅದು ಫಾಲ್ ಸೈನಿಕ ಹುಳು. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದಲ್ಲಿ.

ಗಿಡವೇನೂ ಸುಮ್ಮನೆ ತಿನ್ನಿಸಿಕೊಳ್ಳುವುದಿಲ್ಲ. ಎಳೆ ಎಲೆಯಲ್ಲಿ ಡಿಂಬೋವಾ ಎಂಬ ವಿಷ ಸಕ್ಕರೆಯ ಅಣುವಿಗೆ ಅಂಟಿಕೊಂಡು ತೆಪ್ಪಗಿರುತ್ತದೆ. ಅದನ್ನು ಬಿಡಿಸುವ ಕಿಣ್ವ ಜೀವಕೋಶದ ಬೇರೆ ಭಾಗದಲ್ಲಿರುತ್ತದೆ. ಹುಳು ಅಗಿದಾಗ ಎರಡೂ ಬೆರೆತು ವಿಷ ಹೊರಬೀಳುತ್ತದೆ. ಎಷ್ಟೋ ಕೀಟಗಳು ಇದಕ್ಕೇ ಹಿಂದೆಗೆಯುತ್ತವೆ. ಸೈನಿಕ ಹುಳು ಮಾತ್ರ ಕರುಳಿನಲ್ಲಿ ಆ ವಿಷಕ್ಕೆ ಮತ್ತೆ ಸಕ್ಕರೆ ಅಂಟಿಸುತ್ತದೆ, ಅದೂ ಮಗ್ಗುಲು ಬದಲಿಸಿ. ಆ ಹೊಸ ಗಂಟನ್ನು ಬಿಚ್ಚಲು ಗಿಡದ ಕಿಣ್ವಕ್ಕೆ ಬರುವುದಿಲ್ಲ.

ಗಿಡದ ಬಳಿ ಇನ್ನೊಂದು ಉಪಾಯವಿದೆ, ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಅದೇ. ಎಲೆಯನ್ನು ಕತ್ತರಿಸಿದರೆ ಹಸಿ ಹುಲ್ಲಿನ ವಾಸನೆ ತಕ್ಷಣ ಬರುತ್ತದೆ. ಗಾಯಕ್ಕೆ ಹುಳುವಿನ ಎಂಜಲು ಸೋಕಿದರೆ ಕೆಲವು ಗಂಟೆಗಳ ನಂತರ ಲಿನಲೂಲ್, ಇಂಡೋಲ್, ಫಾರ್ನೆಸೀನ್ ಬೆರೆತ ಬೇರೆಯೇ ವಾಸನೆ ಹೊಮ್ಮುತ್ತದೆ, ಹುಳು ಮುಟ್ಟದ ಎಲೆಗಳಿಂದಲೂ. ಇದಕ್ಕೆ ಕಾರಣವಾಗುವ ವೋಲಿಸಿಟಿನ್ ಎಂಬ ವಸ್ತುವನ್ನು ಇದೇ ಕುಲದ ಇನ್ನೊಂದು ಹುಳುವಿನ ಎಂಜಲಿನಿಂದ ಬೇರ್ಪಡಿಸಿದ್ದು 1997ರಲ್ಲಿ. ಪುಟ್ಟ ಕಣಜಗಳು ಈ ವಾಸನೆಯ ಜಾಡು ಹಿಡಿದು ಬಂದು ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತವೆ. ಮರಿಗಳು ಅದನ್ನು ಒಳಗಿನಿಂದಲೇ ತಿಂದು ಮುಗಿಸುತ್ತವೆ. ಹುಳು ಕಾಣುವ ಮೊದಲೇ ಕೀಟನಾಶಕ ಹೊಡೆದರೆ ಸಾಯುವುದು ಈ ಕಣಜಗಳೇ. ಮುಂದೆ ಬರುವ ಹುಳು ಸುಳಿಯೊಳಗೆ, ಹಿಕ್ಕೆಯ ಮರೆಯಲ್ಲಿ ಸುರಕ್ಷಿತ.

ಈ ಹುಳು ಬೆಳೆದು ಆಗುವ ಪತಂಗಗಳ ಭಾಷೆಯೂ ವಾಸನೆಯೇ. ರಾತ್ರಿ ಹೆಣ್ಣು ಸೂಸುವ ಗಂಧವನ್ನೇ ಹೋಲುವ ಲೂರ್ ಎಂಬ ಆಮಿಷವನ್ನು ಮೋಹಕ ಬಲೆಗೆ ಹಾಕುತ್ತಾರೆ. ನಿಗಾಕ್ಕೆ ಎಕರೆಗೆ 5 ಬಲೆ, ಗಂಡುಗಳನ್ನು ಸಾಮೂಹಿಕವಾಗಿ ಹಿಡಿಯಲು 15. ಬಲೆ ಬೆಳೆಯ ತುದಿಗಿಂತ ಸ್ವಲ್ಪ ಮೇಲಿರಲಿ, ಬೆಳೆ ಏರಿದಂತೆ ಅದನ್ನೂ ಏರಿಸಬೇಕು. ಬೇರೆ ಕೀಟದ ಲೂರ್ ಮುಟ್ಟಿದ ಕೈಯಲ್ಲಿ ಇದನ್ನು ಮುಟ್ಟಿದರೆ ಗಂಧ ಕೆಡುತ್ತದೆ. ಹಳೆಯ ಲೂರ್ ಬದಲಿಸದೆ, ಬಲೆ ಖಾಲಿಯಿದೆ ಎಂದು ನಿಶ್ಚಿಂತರಾಗುವುದೇ ದೊಡ್ಡ ತಪ್ಪು. ಬಲೆಗೆ ಬೀಳುವುದು ಗಂಡು ಮಾತ್ರ ಎಂಬುದೂ ನೆನಪಿರಲಿ: ಮೊಟ್ಟೆಯನ್ನು ಎಲೆಯ ಮೇಲೆಯೇ ಹುಡುಕಬೇಕು.

ಬಲೆಯೊಂದಕ್ಕೆ 3 ಪತಂಗ ಬಿದ್ದರೆ ಮೊಟ್ಟೆ ತಿನ್ನುವ ಟೆಲಿನೋಮಸ್ ಅಥವಾ ಟ್ರೈಕೋಗ್ರಾಮ ಕಣಜಗಳನ್ನು ಎಕರೆಗೆ 50,000ದಂತೆ ಬಿಡುವ ಹೊತ್ತು. ತಡಮಾಡುವಂತಿಲ್ಲ, ಬಿಸಿಲ ದಿನಗಳಲ್ಲಿ ಮೊಟ್ಟೆ ಒಡೆಯಲು 2–3 ದಿನ ಸಾಕು.