ಪದ ಪರಿಚಯ: ಸ್ಲೈಡರ್ ಆಹಾರ, ಅಂದರೆ ಜಾರು ತಿನಿಸು

ಬೆಂಗಳೂರಿನ ಕೆಫೆಗಳಲ್ಲಿ ಸ್ಲೈಡರ್ ಕೇಳಿದರೆ ಪುಟ್ಟ ಬರ್ಗರ್ ತಂದಿಡುತ್ತಾರೆ. ತೂಕ ಇಳಿಸುವ ಆಪರೇಷನ್ ಆದವರಿಗೆ ಡಯೆಟಿಷಿಯನ್ ಹೇಳುವ ಸ್ಲೈಡರ್ ಅದಲ್ಲ. ಕಿರಿದಾದ ಜಠರದಲ್ಲಿ ನಿಲ್ಲದೆ, ಹೊಟ್ಟೆ ತುಂಬಿದ ಸುಳಿವನ್ನೂ ಕೊಡದೆ ಸಣ್ಣ ಕರುಳಿಗೆ ಜಾರಿಬಿಡುವ ಯಾವುದಕ್ಕೇ ಆಗಲಿ ಈ ಹೆಸರು. ಕನ್ನಡದಲ್ಲಿ ಜಾರು ತಿನಿಸು ಎನ್ನಬಹುದು.

ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಪಾಲು ಅಥವಾ ಇನ್ನೂ ಸ್ವಲ್ಪ ಹೆಚ್ಚು ತೆಗೆದು ಉದ್ದನೆಯ ಕೊಳವೆಯಷ್ಟನ್ನು ಉಳಿಸುತ್ತಾರೆ. ತೂಕ ಇಳಿಸುವ ಇನ್ನೊಂದು ಆಪರೇಷನ್ ಬೈಪಾಸ್ (ಹೃದಯದ್ದಲ್ಲ, ಜಠರದ್ದು); ಅದರಲ್ಲಿ ಜಠರದಿಂದ ಮಾಡುವ ಪುಟ್ಟ ಚೀಲ ಹಿಡಿಯುವುದು ಸುಮಾರು 30 ಮಿಲಿ, ಎರಡು ದೊಡ್ಡ ಚಮಚದಷ್ಟು. ಗಟ್ಟಿ ಆಹಾರ ಅಲ್ಲಿ ಕೂತು ಗೋಡೆಯನ್ನು ಹಿಗ್ಗಿಸಿದರೆ ತಾನೇ ‘ಸಾಕು’ ಎನ್ನಿಸುವುದು? ನೀರಾದದ್ದು, ನೀರಾಗಿ ಕರಗುವಂಥದ್ದು ಅಲ್ಲಿ ಕೂರುವುದೇ ಇಲ್ಲ. ತಳ ತೂತಾದ ಲೋಟ ಎಷ್ಟು ಚಿಕ್ಕದಾದರೂ ಸುರಿಯುತ್ತಲೇ ಇರಬಹುದು.

ಮೆತ್ತಗಿದ್ದರೆ ಮಾತ್ರ ಜಾರುತ್ತದೆ ಅಂದುಕೊಳ್ಳಬೇಡಿ. ಕೋಡುಬಳೆ, ಖಾರಾ ಬೂಂದಿ, ಬೇಕರಿಯ ರಸ್ಕು ಬಾಯಲ್ಲಿ ಗರಿಗರಿ ಎಂದರೂ, ಜೊತೆಗೆ ಒಂದು ಗುಟುಕು ಕಾಫಿ ಸೇರಿದರೆ ಗಂಜಿಯೇ. 50 ಗ್ರಾಂ ಮಿಕ್ಸ್ಚರಿನಲ್ಲಿ ಸುಮಾರು 250 ಕ್ಯಾಲೊರಿ ಇರುತ್ತದೆ. ತಿಂದವರ ಲೆಕ್ಕದಲ್ಲಿ ಅದು ಊಟವಲ್ಲ, ‘ಸುಮ್ನೆ ಬಾಯಾಡಿಸಿದ್ದು’. ಬೈಪಾಸ್ ಆದವರು ಕೇಸರಿಬಾತ್ ತಿಂದರೆ ಅರ್ಧ ಗಂಟೆಯೊಳಗೆ ಬೆವರು, ಎದೆ ಡವಡವ, ಹೊಟ್ಟೆ ನುಲಿತ ಬರಬಹುದು, ಇದು ಡಂಪಿಂಗ್. ಸಿಹಿಗೆ ಹೆದರಿದವರು ಖಾರದ ಕಡೆ ತಿರುಗುತ್ತಾರೆ. ಖಾರ ಸಾಮಾನ್ಯವಾಗಿ ಹೀಗೆ ಎಚ್ಚರಿಸುವುದಿಲ್ಲ.

ನಮ್ಮ ಕಡೆ ದೊಡ್ಡ ಮೋಸ ಅನ್ನ-ಸಾರಿನದು. ಊಟದ ಜೊತೆ ನೀರು ಬೇಡ, ಊಟವಾಗಿ 30 ನಿಮಿಷ ಬಿಟ್ಟು ಕುಡಿಯಿರಿ ಎಂಬ ಸಲಹೆಯನ್ನು ಎಲ್ಲರೂ ಕೇಳಿರುತ್ತಾರೆ, ಲೋಟದ ನೀರನ್ನು ದೂರವೂ ಇಡುತ್ತಾರೆ. ಆದರೆ ತಟ್ಟೆಯಲ್ಲಿ ಅನ್ನದ ಮೇಲೆ ಎರಡು ಸೌಟು ತಿಳಿಸಾರು, ಕೊನೆಗೆ ಮಜ್ಜಿಗೆ. ನಿಯಮ ಅಲ್ಲೇ ಮುರಿದುಬಿತ್ತು, ಯಾರಿಗೂ ಗೊತ್ತಾಗಲಿಲ್ಲ. ಮುದ್ದೆಯಂತೂ ಅಗಿಯದೆ ನುಂಗುವ ಊಟ. ಸಾರಿನಲ್ಲಿ ಅದ್ದಿದ ತುತ್ತು ಒಂದೋ ಜಾರುತ್ತದೆ, ಇಲ್ಲವೇ ಕಿರಿದಾದ ಕಡೆ ಸಿಕ್ಕಿಕೊಂಡು ಎದೆ ಹಿಡಿದಂತಾಗುತ್ತದೆ. ರಾಗಿ ಒಳ್ಳೆಯದೇ, ತಕರಾರು ನುಂಗುವುದರ ಮೇಲೆ. ತಿನ್ನಲೇಬೇಕು ಅಂದರೆ ನಿಂಬೆಗಾತ್ರದ ಮುದ್ದೆಯನ್ನು ಚೂರುಚೂರು ಮುರಿದು ಅಗಿದು ತಿನ್ನಿ. ಹಳಬರು ನಗಲಿ ಬಿಡಿ.

ಜಾರು ತಿನಿಸಿನ ರೂಢಿ ಶುರುವಾಗುವುದು ಆಸ್ಪತ್ರೆಯ ಚೀಟಿಯಿಂದಲೇ. ಮೊದಲ ಕೆಲವು ವಾರ ಹೊಲಿಗೆ ಮಾಯಲೆಂದು ತಿಳಿಯಾದದ್ದು, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತನೆಯದು ಕೊಡುತ್ತಾರೆ. ಅದು ಬೇಕೇ ಬೇಕು. ಗಟ್ಟಿ ಊಟಕ್ಕೆ ಹೊರಳಬೇಕಾದ ಹೊತ್ತಿನಲ್ಲಿ ಹಲವರು ಮೊಸರನ್ನ, ಗಂಜಿಯಲ್ಲೇ ಉಳಿದುಬಿಡುತ್ತಾರೆ. ಮೊದಲ ವರ್ಷ ಹೇಗೂ ತೂಕ ಇಳಿಯುವುದರಿಂದ ಇದು ಕಾಣುವುದಿಲ್ಲ. ತೂಕ ತೀರಾ ಕೆಳಗೆ ಮುಟ್ಟುವುದು ಸಾಮಾನ್ಯವಾಗಿ 12ರಿಂದ 24 ತಿಂಗಳಿಗೆ. ಜಾರು ತಿನಿಸಿನ ಲೆಕ್ಕ ತೂಕದಲ್ಲಿ ಕಾಣತೊಡಗುವುದು ಅದರ ನಂತರ.

ತಟ್ಟೆಯಲ್ಲಿ ಬದಲಿಸಬೇಕಾದ್ದು ಮುಖ್ಯವಾಗಿ ಕ್ರಮ. ಮೊದಲು ಪ್ರೋಟೀನ್: ಒಂದು ಮೊಟ್ಟೆಯಲ್ಲಿ 6 ಗ್ರಾಂ, 50 ಗ್ರಾಂ ಪನೀರಿನಲ್ಲಿ ಸುಮಾರು 9 ಗ್ರಾಂ, 30 ಗ್ರಾಂ ಒಣ ಕಡಲೆಕಾಳು ನೆನೆಸಿ ಮಾಡಿದ ಉಸಲಿಯಲ್ಲಿ ಸುಮಾರು 6 ಗ್ರಾಂ. ದಿನಕ್ಕೆ ಒಟ್ಟು 60ರಿಂದ 80 ಗ್ರಾಂ ಗುರಿ. ಬೇಳೆಸಾರಿನ ತಿಳಿ ಈ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಪಲ್ಯ, ಜಾಗ ಉಳಿದರೆ ಎರಡು ಚಮಚ ಅನ್ನ. ಒಂದು ಊಟಕ್ಕೆ 20ರಿಂದ 30 ನಿಮಿಷ ಬೇಕು, ದರ್ಶಿನಿಯ ಕಲ್ಲುಮೇಜಿನ ಮುಂದೆ ನಿಂತು ಐದು ನಿಮಿಷದಲ್ಲಿ ಮುಗಿಸುವ ತಿಂಡಿಯಿಂದ ಇದು ಆಗದು. ಅನುಮಾನವಿದ್ದರೆ ಒಂದು ವಾರ ತಿಂದದ್ದರ ಪಕ್ಕದಲ್ಲಿ ಮತ್ತೆ ಹಸಿದ ಹೊತ್ತನ್ನೂ ಬರೆದಿಡಿ. ಗಂಟೆಯೊಳಗೆ ಡಬ್ಬಿ ತೆರೆಯುವಂತೆ ಮಾಡಿದ ತಿನಿಸು ಯಾವುದೆಂದು ಪಟ್ಟಿಯೇ ಹೇಳುತ್ತದೆ.

ಇಳಿದ ತೂಕದಲ್ಲಿ ಕೆಲವು ಕಿಲೋ ಮರಳುವುದು ಸಹಜ, ಅದಕ್ಕೆ ಗಾಬರಿ ಬೇಡ. ಸ್ಟೀರಾಯ್ಡ್‌ನಂಥ ಔಷಧಿ, ಮದ್ಯ, ಥೈರಾಯ್ಡ್ ತೊಂದರೆಯಿಂದಲೂ ತೂಕ ಏರಬಹುದು. ಒಂದು ಸಂಗತಿಯನ್ನು ಮಾತ್ರ ಚಪಲವೆಂದು ಬೈದು ಬಿಡಬಾರದು. ಚೆನ್ನಾಗಿ ಅಗಿದರೂ ಚಪಾತಿ, ಕೋಳಿ, ಪನೀರ್ ಇಳಿಯದೆ ಮತ್ತೆ ಮತ್ತೆ ವಾಂತಿಯಾಗಿ, ಮಿಕ್ಸ್ಚರ್ ಮತ್ತು ಐಸ್‌ಕ್ರೀಮ್ ಮಾತ್ರ ಹಾಯಾಗಿ ಇಳಿಯುತ್ತಿದ್ದರೆ, ದಾರಿಯೇ ಕಿರಿದಾಗಿರಬಹುದು. ಅಂಥವರು ಡಯೆಟ್ ಚಾರ್ಟ್ ಬದಲಿಸುವ ಮೊದಲು ಸರ್ಜನ್‌ರನ್ನು ಕಾಣಬೇಕು; ಎಂಡೋಸ್ಕೋಪಿ ಮಾಡಿದರೆ ತಿಳಿಯುತ್ತದೆ.