ಒಟಿಪಿ ಹೇಳಿದ್ದು ಯಾರು?

2025ರ ಸೆಪ್ಟೆಂಬರ್, ಆದಾಯ ತೆರಿಗೆ ರಿಟರ್ನ್ ಗಡಿಬಿಡಿಯ ನಡುವೆ ಬೈಕಂಪಾಡಿಯ ಕಾರ್ಖಾನೆಯೊಂದರ ಸೂಪರ್‌ವೈಸರ್ ಮಂಗಳೂರು ಹಂಪನಕಟ್ಟೆಯ ನಮ್ಮ ತೆರಿಗೆ ಸಲಹೆಯ ಆಫೀಸಿಗೆ ಬಂದರು. ಕೂತುಕೊಳ್ಳುವ ಮೊದಲೇ ಕೇಳಿದರು: "ಸಾರ್, ಜೈಲಾಗ್ತದಾ?"

ಹಿಂದಿನ ವರ್ಷದ ರಿಟರ್ನನ್ನು ಯಾರೋ ಏಜೆಂಟ್ ಹಾಕಿದ್ದ. ತೆರೆದು ನೋಡಿದೆ. ಕೈಚಳಕ ಮೆಚ್ಚಬೇಕು ಮಾರಾಯ್ರೆ! ಕಡಿತಗಳಿಗೆ ಅವಕಾಶವಿರುವ ಹಳೆ ತೆರಿಗೆ ಪದ್ಧತಿಯಲ್ಲಿ ನ್ಯಾಯವಾದ ಕಡಿತಗಳೆಲ್ಲ ಹೋಗಿ ಉಳಿಯುವ ಆದಾಯ 7.60 ಲಕ್ಷ. ಅದರಲ್ಲಿ 2.60 ಲಕ್ಷವನ್ನು ರಾಜಕೀಯ ಪಕ್ಷವೊಂದಕ್ಕೆ ಕೊಟ್ಟ, ತೆರಿಗೆಯಿಲ್ಲದ ದೇಣಿಗೆ ಎಂದು ಬರೆದಿದ್ದಾನೆ. ಉಳಿದದ್ದು ಸರಿಯಾಗಿ 5 ಲಕ್ಷ, ರಿಬೇಟ್ (ತೆರಿಗೆ ಮಾಫಿ) ಸಿಕ್ಕಿ ತೆರಿಗೆ ಸೊನ್ನೆ. ಕಂಪನಿ ಸಂಬಳದಲ್ಲಿ ಮೊದಲೇ ಹಿಡಿದಿದ್ದ 67,080 ರೂಪಾಯಿ ತೆರಿಗೆ (ಟಿಡಿಎಸ್) ಪೂರ್ತಿ ವಾಪಸ್. ಯಾವ ಪಕ್ಷ ಎಂದು ಇವರಿಗೆ ಗೊತ್ತಾದದ್ದೇ ನಾನು ಓದಿ ಹೇಳಿದ ಮೇಲೆ.

"ನಾನೇನೂ ಬರೆದಿಲ್ಲ ಸಾರ್, ಒಟಿಪಿ ಮಾತ್ರ ಹೇಳಿದ್ದು." ಎಲ್ಲರೂ ಹೇಳುವುದು ಇದನ್ನೇ. ಆದರೆ ಆ ಆರು ಅಂಕೆಯೇ ಸಹಿ. ರಿಟರ್ನಿನ ಕೊನೆಯಲ್ಲಿ "ಇದರಲ್ಲಿರುವುದೆಲ್ಲ ಸತ್ಯ" ಎಂಬ ಘೋಷಣೆ ಇರುತ್ತದೆ. ಆಧಾರ್ ಒಟಿಪಿ ಕೊಟ್ಟರೆ ಅದಕ್ಕೆ ಒಪ್ಪಿದ ಹಾಗೆ. ಸುಳ್ಳೆಂದು ಗೊತ್ತಿದ್ದೂ ಹಾಗೆ ಘೋಷಿಸಿದರೆ 1961ರ ಆದಾಯ ತೆರಿಗೆ ಕಾಯ್ದೆಯ 277ನೇ ಸೆಕ್ಷನ್. 2025ರಲ್ಲಿ ಇದ್ದ ನಿಯಮದಂತೆ, ತಪ್ಪಿಸಲು ಹೊರಟ ತೆರಿಗೆ 25 ಲಕ್ಷ ಮೀರಿದರೆ 6 ತಿಂಗಳಿಂದ 7 ವರ್ಷ, ಅದಕ್ಕಿಂತ ಕಡಿಮೆಯಾದರೆ 3 ತಿಂಗಳಿಂದ 2 ವರ್ಷ ಕಠಿಣ ಸಜೆ, ಜೊತೆಗೆ ದಂಡ. ಬೇಕೆಂದೇ ತೆರಿಗೆ ತಪ್ಪಿಸಲು ಯತ್ನಿಸಿದರೆ 276ಸಿ; ಅಲ್ಲಿಯೂ ಇದೇ ಲೆಕ್ಕ. ಹಾಕಿಸಿಕೊಟ್ಟ ಏಜೆಂಟನನ್ನೂ 278ನೇ ಸೆಕ್ಷನ್ ಬಿಡುವುದಿಲ್ಲ.

ಎಫ್‌ಡಿ ಬಡ್ಡಿ ಸೇರಿಸಲು ಮರೆತವರನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಕೇಸಿಗೆ ಬೇಕಾದದ್ದು ಉದ್ದೇಶ. ಆದರೆ ಇಲ್ಲಿ 278ಇ ಎಂಬ ಸೆಕ್ಷನ್ ಆಟವನ್ನೇ ತಿರುಗಿಸಿಬಿಡುತ್ತದೆ. ಆರೋಪಿಗೆ ದುರುದ್ದೇಶ ಇತ್ತೆಂದೇ ಕೋರ್ಟು ಭಾವಿಸಬೇಕು. ಇರಲಿಲ್ಲವೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಾದವನು ಆರೋಪಿ. ನಮ್ಮ ಸೂಪರ್‌ವೈಸರ್ ಮೊಬೈಲ್ ತೆಗೆದು ಏಜೆಂಟನಿಗೆ ಗೂಗಲ್ ಪೇ ಮಾಡಿದ 6,700 ತೋರಿಸಿದರು. ಕೆಳಗೆ ಟಿಪ್ಪಣಿ: "ರೀಫಂಡ್ ಕಮಿಷನ್ 10%". ಇದನ್ನಿಟ್ಟುಕೊಂಡು "ಗೊತ್ತಿರಲಿಲ್ಲ" ಎಂದು ವಾದಿಸಲು ನನಗೆ ಧೈರ್ಯವಿಲ್ಲ.

ಹಾಗಂತ ಇಷ್ಟು ಸಣ್ಣ ಮೊತ್ತಕ್ಕೆ ಇಲಾಖೆ ಸುಮ್ಮಸುಮ್ಮನೆ ಕ್ರಿಮಿನಲ್ ಕೇಸು ಹಾಕುವುದೂ ಇಲ್ಲ. 25 ಲಕ್ಷದವರೆಗಿನ ಪ್ರಕರಣಕ್ಕೆ ಚೀಫ್ ಕಮಿಷನರ್ ದರ್ಜೆಯ ಇಬ್ಬರು ಅಧಿಕಾರಿಗಳ ಒಪ್ಪಿಗೆ ಬೇಕೆಂದು 2019ರ ಸುತ್ತೋಲೆಯೇ ಹೇಳುತ್ತದೆ. ಸಿಕ್ಕಿಬಿದ್ದವರನ್ನು ಮೊದಲು ಹಿಂಡುವುದು 270ಎ ದಂಡ: ತಪ್ಪಿಸಿದ ತೆರಿಗೆಯ 200%. ಇವರ ಲೆಕ್ಕದಲ್ಲಿ 1,34,160 ರೂಪಾಯಿ, ತೆರಿಗೆ ಮತ್ತು ಬಡ್ಡಿ ಬೇರೆ.

ನೋಟಿಸ್ ಬಾರದ ಕಾರಣ ಅಪ್‌ಡೇಟೆಡ್ ರಿಟರ್ನಿನ (ತಪ್ಪು ತಿದ್ದಿ ಮತ್ತೆ ಹಾಕುವ ರಿಟರ್ನಿನ) ದಾರಿ ತೆರೆದಿತ್ತು. ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮರುವರ್ಷ) ಮುಗಿದ 12 ತಿಂಗಳೊಳಗೆ ಹಾಕಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಹೆಚ್ಚುವರಿ 25%. ತಡವಾದಷ್ಟೂ 50, 60, 70ಕ್ಕೆ ಏರುತ್ತದೆ, 48 ತಿಂಗಳಿಗೆ ಬಾಗಿಲು ಬಂದ್. ಆ ವರ್ಷದ ತನಿಖೆ ಒಮ್ಮೆ ಶುರುವಾಯಿತೋ, ಆಗಿನ ನಿಯಮದಲ್ಲಿ ಈ ಸೌಲಭ್ಯ ಇರಲಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದರೆ ಹಳೆಯದೆಲ್ಲ ಮಾಫಿ ಎಂದು ಕೆಲವರು ಕಾದು ಕೂತಿದ್ದರು. ಹಾಗೇನಿಲ್ಲ, ಹಳೆ ವರ್ಷಗಳಿಗೆ ಹಳೆ ಕಾಯ್ದೆಯೇ.

ಅವರು ಅಲ್ಲೇ ಹಣ ಕಟ್ಟಿದರು. ಆಮೇಲೆ ಪೋರ್ಟಲ್‌ನಲ್ಲಿ ಅವರ ಪ್ರೊಫೈಲ್ ನೋಡಿದರೆ ಇಮೇಲ್ ವಿಳಾಸ ಏಜೆಂಟನದ್ದು! ದೇಣಿಗೆಯ ವಿವರ ಪರಿಶೀಲಿಸಿಕೊಳ್ಳಿ ಎಂದು ಇಲಾಖೆ ಏನಾದರೂ ಬರೆದಿದ್ದರೆ ಅದು ಅವನ ಇನ್‌ಬಾಕ್ಸಿಗೇ ಹೋಗಿರುತ್ತದೆ. ಇವರು ನನ್ನಲ್ಲಿಗೆ ಬಂದದ್ದು, ಜುಲೈಯಲ್ಲಿ ಇಂಥ ಏಜೆಂಟರನ್ನು ಹುಡುಕಿ ದೇಶದ 150 ಕಡೆ ಇಲಾಖೆ ಶೋಧ ನಡೆಸಿದ ಸುದ್ದಿಯನ್ನು ಪೇಪರಿನಲ್ಲಿ ಓದಿ.